ಮೊಬೈಲ್ ಬರಲಿಲ್ವಾ? ಮಂಡ್ಯದಲ್ಲೇ ದೂರು ಕೊಡಿ

ಭಾರತೀನಗರದಲ್ಲಿ ಕೂತು ಆನ್‌ಲೈನ್‌ನಲ್ಲಿ ಮೊಬೈಲ್ ಬುಕ್ ಮಾಡಿದ್ರಿ. ದುಡ್ಡು ಕಟ್ಟಾಯ್ತು, ಮೊಬೈಲ್ ಬರಲೇ ಇಲ್ಲ. ‘ಕಂಪನಿ ಎಲ್ಲೋ ಇದೆ, ನಾವೆಲ್ಲಿ ಅಲೆಯೋದು’ ಅಂತ ಕೈಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರೋ ಜಿಲ್ಲೆಯಲ್ಲೇ, ಅಂದ್ರೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಊರ ಕಡೆಯವರಿಗೆ ಈ ಕಾಯ್ದೆ ಕೊಟ್ಟ ದೊಡ್ಡ ಬಲ ಇದೇ.

ಬೆಂಗಳೂರಲ್ಲಿ ಒಬ್ಬ ಮಹಿಳೆಗೆ ಹೀಗೇ ಆಗಿತ್ತು. 12,499 ರೂಪಾಯಿಯ ಫೋನ್ ಫ್ಲಿಪ್‌ಕಾರ್ಟ್‌ನಿಂದ ಬರಲಿಲ್ಲ. ಅಲ್ಲಿನ ಆಯೋಗ ಏನಂತು ಗೊತ್ತಾ? ಆ ಹಣವನ್ನ ಶೇ. 12 ಬಡ್ಡಿ ಸಮೇತ ಕೊಡಿ, ಮೇಲೆ 20,000 ದಂಡ, 10,000 ಕೋರ್ಟು ಖರ್ಚು!

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೀರಿ. ಅವರು 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ತಿಂಗಳೊಳಗೆ ಬಗೆಹರಿಸಬೇಕು. ಜಗ್ಗದಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಅದರಿಂದಲೂ ಆಗಲಿಲ್ವಾ, ಆಯೋಗಕ್ಕೆ ಹೋಗಿ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು, ಎರಡು ವರ್ಷದೊಳಗೆ.

ಬಿಲ್ಲು, ಆರ್ಡರ್ ನಂಬರ್, ಚಾಟ್ ಯಾವುದನ್ನೂ ಅಳಿಸಬೇಡಿ. ಅಂಗಡಿಯೇ ನಕಲಿ ಅಂತ ಗೊತ್ತಾದ್ರೆ ಮಾತ್ರ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.