ಅಂಗೈಯ ಎತ್ತಿಗೆ ಬಣ್ಣ: ಕಣ್ಣು, ಬೆಳಕು ಮತ್ತು ಹಿಮ್ಮಾಹಿತಿ

ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಹಾವೇರಿ ತಾಲ್ಲೂಕಿನ ಹೊಸರಿತ್ತಿಯಂತಹ ಊರುಗಳಲ್ಲಿ ಅಂದು ಎರೆಮಣ್ಣು ಕಲಸಿ ಒಂದು ಜೊತೆ ಎತ್ತು, ಅವುಗಳ ಮುಂದೊಂದು ಗೋದಲಿ ಮಾಡಿ ಪೂಜಿಸುತ್ತಾರೆ. ಎತ್ತಿನ ಎತ್ತರ ನಾಲ್ಕೈದು ಸೆಂಟಿಮೀಟರು. ಅದನ್ನು ಮಣ್ಣಿನ ಬಣ್ಣದಲ್ಲೇ ಬಿಡುವವರುಂಟು. ಸುಣ್ಣ, ಹುರಮಂಜು ಹಚ್ಚಿ ಸಿಂಗರಿಸುವವರೂ ಉಂಟು.

ಇಂತಹ ಪುಟ್ಟ ಗೊಂಬೆಗೆ ಬಣ್ಣ ಹಚ್ಚಲು ನೀವು ಎಂದಾದರೂ ಪ್ರಯತ್ನಿಸಿದ್ದೀರಾ? ನಾನು ಐವತ್ತು ದಾಟಿದ ಮೇಲೆ ಪ್ರಯತ್ನಿಸಿದೆ. ವರ್ಷಗಟ್ಟಲೆ ತರಗತಿಯಲ್ಲಿ ಬೆಳಕಿನ ಪಾಠ ಮಾಡಿದವನಿಗೆ ಇದೇನು ಮಹಾ ಕೆಲಸ ಎಂಬ ಭಾವನೆ ಇತ್ತು. ಮೊದಲ ಎತ್ತು ಸಿದ್ಧವಾದಾಗ ಏಳನೆಯ ತರಗತಿಯಲ್ಲಿ ಓದುತ್ತಿದ್ದ ಅಣ್ಣನ ಮಗಳು ಬಾಗಿಲಲ್ಲೇ ನಿಂತು ನೋಡಿ, "ಕಾಕಾ, ಇದರ ಕಣ್ಣ ಎಲ್ಲಿ ಅದಾವ?" ಎಂದಳು. ಕಣ್ಣುಗಳಿದ್ದವು, ನಾನೇ ಉಸಿರು ಬಿಗಿಹಿಡಿದು ಚುಕ್ಕೆ ಇಟ್ಟಿದ್ದೆ. ಆದರೆ ಅವಳಿಗೆ ಕಾಣಲಿಲ್ಲ. ಆ ಒಂದು ಪ್ರಶ್ನೆಯಲ್ಲಿ ಎರಡು ಪಾಠಗಳಿದ್ದವು. ಒಂದು ದೃಷ್ಟಿಗೆ ಸಂಬಂಧಿಸಿದ್ದು, ಇನ್ನೊಂದು ಕಲಿಕೆಗೆ ಸಂಬಂಧಿಸಿದ್ದು. ಅವೆರಡನ್ನೂ ಒಂದೊಂದಾಗಿ ನೋಡೋಣ.

ಸಣ್ಣದು ಎಂದರೆ ದೂರದ್ದು

ನಿಜವಾದ ಎತ್ತಿನ ಎತ್ತರ ಸುಮಾರು 140 ಸೆಂಮೀ ಎಂದಿಟ್ಟುಕೊಳ್ಳಿ. ಅದನ್ನು 5 ಸೆಂಮೀಗೆ ಇಳಿಸಿದರೆ ಅನುಪಾತ 28. ಈ ಗೊಂಬೆಯನ್ನು ಕಣ್ಣಿನಿಂದ 30 ಸೆಂಮೀ ದೂರದಲ್ಲಿ ಹಿಡಿದರೆ ಅದು ಕಣ್ಣಿನಲ್ಲಿ ಉಂಟುಮಾಡುವ ಕೋನವು, 8.4 ಮೀಟರು ದೂರದಲ್ಲಿ ನಿಂತ ನಿಜವಾದ ಎತ್ತು ಉಂಟುಮಾಡುವ ಕೋನಕ್ಕೆ ಸಮ. ಗೊಂಬೆಯನ್ನು ಗೂಡಿನಲ್ಲಿಟ್ಟು ಒಂದೂವರೆ ಮೀಟರು ದೂರದಿಂದ ನೋಡಿದರೆ, 42 ಮೀಟರು ಆಚೆ ಹೊಲದಲ್ಲಿರುವ ಎತ್ತನ್ನು ನೋಡಿದಂತೆ.

ಆರೋಗ್ಯವಂತ ಕಣ್ಣು ಒಳ್ಳೆಯ ಬೆಳಕಿನಲ್ಲಿ ಬಿಡಿಸಿ ನೋಡಬಲ್ಲ ಕನಿಷ್ಠ ಕೋನ ಒಂದು ಡಿಗ್ರಿಯ ಸುಮಾರು 60ನೆಯ ಒಂದು ಭಾಗ. 30 ಸೆಂಮೀ ದೂರದಲ್ಲಿ ಇದು 0.09 ಮಿಮೀ, ಒಂದೂವರೆ ಮೀಟರಿನಲ್ಲಿ 0.44 ಮಿಮೀ. ನಾನಿಟ್ಟ ಚುಕ್ಕೆಯ ಅಗಲ 0.3 ಮಿಮೀ ಇದ್ದಿರಬೇಕು. ಕೈಯಲ್ಲಿ ಹಿಡಿದು ಬಣ್ಣ ಹಚ್ಚುತ್ತಿದ್ದ ನನಗೆ ಅದು ಸ್ಪಷ್ಟವಾಗಿತ್ತು. ಬಾಗಿಲಲ್ಲಿ ನಿಂತವಳಿಗೆ ಅದು ಮಿತಿಗಿಂತ ಕೆಳಗಿತ್ತು. ಸಾಲದೆಂಬಂತೆ ಕೆಮ್ಮಣ್ಣಿನ ಮೈಮೇಲೆ ಕಂದು ಚುಕ್ಕೆ ಇಟ್ಟಿದ್ದೆ. ಬಿಳಿಯ ಮೇಲಿನ ಕಪ್ಪು ಚುಕ್ಕೆ ಈ ಮಿತಿಗಿಂತ ಚಿಕ್ಕದಾದರೂ ಒಮ್ಮೊಮ್ಮೆ ಕಂಡೀತು. ಕೆಂಪಿನ ಮೇಲಿನ ಕಂದು ಚುಕ್ಕೆ ಕಾಣದು.

ಆದ್ದರಿಂದ ಮೊದಲ ನಿಯಮ: ಗೊಂಬೆಯನ್ನು ಎಷ್ಟು ದೂರದಿಂದ ನೋಡುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿ. ಎರಡನೆಯ ಎತ್ತಿಗೆ ನಾನು ಬಿಳಿಯ ವೃತ್ತದೊಳಗೆ 1 ಮಿಮೀ ಅಗಲದ ಕಪ್ಪು ಚುಕ್ಕೆ ಇಟ್ಟೆ. ಹತ್ತಿರದಿಂದ ನೋಡಿದರೆ ಅದು ಅತಿಯಾಯಿತು ಅನ್ನಿಸುತ್ತಿತ್ತು. ಬಾಗಿಲಿನಿಂದ ನೋಡಿದಾಗ ಎತ್ತು ನನ್ನನ್ನೇ ನೋಡುತ್ತಿತ್ತು.

ಮಣ್ಣು, ನೀರು, ಅಂಟು

ಸುಡದ ಮಣ್ಣಿಗೆ ನೀರು ತಾಗಿದರೆ ಏನಾಗುತ್ತದೆ? ಮಣ್ಣು ನೀರನ್ನು ಹೀರಿ ಮೆತ್ತಗಾಗುತ್ತದೆ. ಒದ್ದೆ ಕುಂಚ ಎರಡು ಬಾರಿ ಆಡಿದರೆ ಕೊಂಬು ಕೈಗೆ ಬರುತ್ತದೆ. ಜೊತೆಗೆ ನೀರೆಲ್ಲ ಒಳಗಿಳಿದು ವರ್ಣದ್ರವ್ಯ ಮಾತ್ರ ಮೇಲುಳಿಯುವುದರಿಂದ ಬಣ್ಣ ಹರಡದೆ ಕುಂಚದ ಗೆರೆಗಳು ಹಾಗೆಯೇ ನಿಲ್ಲುತ್ತವೆ. ಹಾಗಾಗಿ ಎತ್ತನ್ನು ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಿಸಬೇಕು. ಬಿಸಿಲಿಗಿಟ್ಟರೆ ಹೊರಮೈ ಬೇಗ ಕುಗ್ಗಿ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಅಂಟು ಬೆರೆಸಿದ ಸುಣ್ಣದ ಒಂದು ತೆಳು ಪದರ ಹಚ್ಚಿ, ಅದರ ಮೇಲೆ ಬಣ್ಣ ಕೊಡಬೇಕು.

ಇದು ನನ್ನ ಶೋಧವೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದ ಗೊಂಬೆಗಳಿಗೆ ಇಂತಹದೇ ತಳಹದಿ ಹಾಕುತ್ತ ಬಂದಿವೆ. ಹಗುರವಾದ ಮರದಲ್ಲಿ ಕೆತ್ತಿದ ಭಾಗಗಳನ್ನು ಜೋಡಿಸಿ, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಬೆರೆಸಿದ 'ಕಿಟ್ಟ'ವನ್ನು ಮೈಗೆಲ್ಲ ಸವರುತ್ತಾರೆ. ಅದರ ಮೇಲೆ ಬಟ್ಟೆಯ ಚೂರುಗಳು, ಆಮೇಲೆ ಬೆಣಚುಕಲ್ಲಿನ ಪುಡಿಯ ಸರಿ, ಕೊನೆಗೆ ಬಣ್ಣ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಕಲೆಯ ಹೊಳಪು ಕಣ್ಣಿಗೆ ಬೀಳುತ್ತದೆ. ಆ ಹೊಳಪನ್ನು ಹೊತ್ತಿರುವ ಪದರಗಳು ಕಾಣುವುದಿಲ್ಲ.

ಬಣ್ಣದ ದಪ್ಪವೂ ಮುಖ್ಯ. ಎತ್ತಿನ ಕಂಠದ ಮಡಿಕೆಗಳ ಆಳವೇ ಮಿಲಿಮೀಟರಿನ ಒಂದು ಭಾಗ. ಗಟ್ಟಿ ಬಣ್ಣವನ್ನು ಎರಡು ಮೂರು ಬಾರಿ ಬಳಿದರೆ ಮಡಿಕೆ ಮುಚ್ಚಿಯೇ ಹೋಗುತ್ತದೆ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಲೇಸು. ಆದರೆ ನೀರು ಹೆಚ್ಚಾದರೆ ಇನ್ನೊಂದು ತೊಂದರೆ: ಹನಿ ಒಣಗಿದಾಗ ಅಂಚಿನಲ್ಲಿ ಗಾಢವಾದ ಉಂಗುರ ಉಳಿಯುತ್ತದೆ. ಚೆಲ್ಲಿದ ಕಾಫಿಯ ಕಲೆಯಲ್ಲಿ ನೀವು ಇದನ್ನು ನೋಡಿದ್ದೀರಿ. 1997ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಇದಕ್ಕೆ ವಿವರಣೆ ಕೊಟ್ಟರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ. ಅಂಚಿನಲ್ಲಿ ಆವಿಯಾಗಿ ಹೋದ ನೀರನ್ನು ತುಂಬಲು ನಡುವಿನಿಂದ ದ್ರವ ಹರಿದುಬರುತ್ತದೆ; ಬರುವಾಗ ಕಣಗಳನ್ನೂ ಹೊತ್ತು ತರುತ್ತದೆ. ಪರಿಹಾರ ಸರಳ: ಕುಂಚವನ್ನು ಬಣ್ಣದಲ್ಲಿ ಅದ್ದಿದ ಮೇಲೆ ಬಟ್ಟೆಗೆ ಒಮ್ಮೆ ಒರೆಸಿ ಹನಿಯನ್ನು ತೆಗೆಯಿರಿ.

ಇಲ್ಲೊಂದು ಎಚ್ಚರಿಕೆ. ತುದಿ ಚೂಪಾಗಲೆಂದು ಕುಂಚವನ್ನು ತುಟಿಗೆ ತಾಗಿಸಬೇಡಿ. ಅಮೆರಿಕದಲ್ಲಿ 1910 ಮತ್ತು 1920ರ ದಶಕಗಳಲ್ಲಿ ಗಡಿಯಾರಗಳ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಯುವತಿಯರು ಹೀಗೆ ಮಾಡಿಯೇ ರೇಡಿಯಂ ಅನ್ನು ನುಂಗಿದರು. ದವಡೆಯ ಮೂಳೆ ಕೊಳೆತು ಹಲವರು ಸತ್ತರು. ನಮ್ಮ ಬಣ್ಣದಲ್ಲಿ ರೇಡಿಯಂ ಇಲ್ಲ, ನಿಜ. ಆದರೆ ಅಂಗಡಿಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರಬಹುದು. ಒದ್ದೆ ಕುಂಚವನ್ನು ಬೆರಳಿನಿಂದ ಸವರಿದರೂ ಸಾಕು, ಮೇಲ್ಮೈ ಎಳೆತವೇ ಕೂದಲುಗಳನ್ನು ಒಟ್ಟುಗೂಡಿಸಿ ಮೊನೆ ಮಾಡುತ್ತದೆ.

ನೆರಳನ್ನೂ ಹಚ್ಚಬೇಕು

ಹೊಲದಲ್ಲಿ ನಿಂತ ಎತ್ತಿನ ಬೆನ್ನ ಮೇಲೆ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್‌ನಷ್ಟು ಬೀಳುತ್ತದೆ. ಬಯಲಿನ ನೆರಳಿನಲ್ಲಿ ದೊರೆಯುವುದು ಹತ್ತಿಪ್ಪತ್ತು ಸಾವಿರ ಲಕ್ಸ್ ಮಾತ್ರ. ಹೊಟ್ಟೆಯ ಕೆಳಭಾಗಕ್ಕೆ ಅಷ್ಟೂ ಇಲ್ಲ. ಈ ಅಂತರದಿಂದಲೇ ನಮಗೆ ಎತ್ತಿನ ಮೈಕಟ್ಟು ತಿಳಿಯುವುದು. ಮನೆಯೊಳಗೆ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಅದೂ ಸುಣ್ಣ ಬಳಿದ ಗೋಡೆಗಳಿಂದ ಪ್ರತಿಫಲಿಸಿ ಎಲ್ಲ ದಿಕ್ಕಿನಿಂದಲೂ ಬರುವುದರಿಂದ ನೆರಳು ಮಸುಕಾಗುತ್ತದೆ. ಇದಲ್ಲದೆ ವಿವರಗಳು ಸಣ್ಣವಾದಷ್ಟೂ ಅವುಗಳನ್ನು ಗುರುತಿಸಲು ಕಣ್ಣಿಗೆ ತಿಳಿ-ಗಾಢಗಳ ನಡುವೆ ಹೆಚ್ಚಿನ ಅಂತರ ಬೇಕು. ಈ ಎರಡು ಕಾರಣಗಳಿಂದ, ಮೈಯೆಲ್ಲ ಒಂದೇ ಬಣ್ಣ ಹಚ್ಚಿದ ಗೊಂಬೆ ಚಪ್ಪಟೆಯಾಗಿ ಕಾಣುತ್ತದೆ.

ಆದ್ದರಿಂದ ಬಿಸಿಲು ಮಾಡುತ್ತಿದ್ದ ಕೆಲಸವನ್ನು ಬಣ್ಣವೇ ಮಾಡಬೇಕು. ತೆಳುವಾದ ಗಾಢ ಬಣ್ಣವನ್ನು ಮೈಮೇಲೆ ಹರಿಸಿದರೆ ಅದು ತಾನಾಗಿಯೇ ಮಡಿಕೆಗಳ ಸಂದಿಯಲ್ಲಿ ನಿಂತು ನೆರಳಾಗುತ್ತದೆ. ಇಣಿ, ಬೆನ್ನು, ಹಣೆ ಇವುಗಳಿಗೆ ಸ್ವಲ್ಪ ಬಿಳುಪು ಬೆರೆಸಿದ ಬಣ್ಣ ತಾಗಿಸಿದರೆ ಬಿಸಿಲು ಬಿದ್ದಂತಾಗುತ್ತದೆ. ಎಚ್. ಜಿ. ವೆಲ್ಸ್ 1913ರಲ್ಲಿ ಆಟದ ಸೈನಿಕರನ್ನು ನೆಲದ ಮೇಲೆ ಹೂಡಿ ಆಡುವ ಯುದ್ಧದಾಟದ ಬಗ್ಗೆ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ಅದೇ ಬಗೆಯ ಆಟಗಳ ಸುಮಾರು 28 ಮಿಮೀ ಎತ್ತರದ ಬೊಂಬೆಗಳಿಗೆ ಇಂದು ಹಲವು ದೇಶಗಳ ಹವ್ಯಾಸಿಗಳು ಬಣ್ಣ ಹಚ್ಚುತ್ತಾರೆ. ಅವರು ಅನುಸರಿಸುವ ಕ್ರಮವೂ ಇದೇ: ತಳಹದಿ, ನೆರಳು, ಬೆಳಕು.

ಒದ್ದೆ ಬಣ್ಣದ ಮೋಸ

ಎರಡನೆಯ ಎತ್ತಿನ ಬೆನ್ನಿಗೆ ಸುಣ್ಣ ತಾಗಿಸಿದೆ. ಬಿಳುಪು ಕಾಣಲಿಲ್ಲ. ಇನ್ನಷ್ಟು ಹಚ್ಚಿದೆ. ಆಗಲೂ ಸಾಲದೆನಿಸಿತು. ಮತ್ತೆ ಹಚ್ಚಿದೆ. ಒಣಗಿದ ಮೇಲೆ ಬಂದು ನೋಡಿದ ಹುಡುಗಿ, "ಸುಣ್ಣದ ಡಬ್ಬ್ಯಾಗ ಬಿದ್ದಂಗ ಐತಿ" ಎಂದಳು.

ಕಾರಣ ಸುಣ್ಣದ ಭೌತವಿಜ್ಞಾನದಲ್ಲೇ ಇದೆ. ಸುಣ್ಣದ ಕಣಗಳ ವಕ್ರೀಭವನಾಂಕ ಸುಮಾರು 1.57, ನೀರಿನದು 1.33, ಗಾಳಿಯದು 1. ಕಣಗಳ ಸುತ್ತ ನೀರಿರುವಾಗ ಈ ಅಂತರ ಕಡಿಮೆ. ಬೆಳಕು ಹೆಚ್ಚು ಚದುರದೆ ಒಳಗೆ ನುಸುಳಿ ಕೆಳಗಿನ ಬಣ್ಣವನ್ನು ತೋರಿಸುತ್ತದೆ. ನೀರು ಆರಿ ಗಾಳಿ ಬಂದಾಗ ಅಂತರ ಹೆಚ್ಚಿ, ಬೆಳಕು ಚದುರಿ ಹಿಂದಿರುಗುತ್ತದೆ, ಸುಣ್ಣ ಬೆಳ್ಳಗಾಗುತ್ತದೆ. ಅಂದರೆ ನಾನು ಹಚ್ಚಿದ್ದರ ಫಲಿತಾಂಶ ನನಗೆ ತಿಳಿಯುವುದು ಅರ್ಧ ಗಂಟೆ ತಡವಾಗಿ. ನಾನು ಮಾತ್ರ ಪ್ರತಿ ನಿಮಿಷವೂ ತಿದ್ದುತ್ತಿದ್ದೆ.

ಸ್ನಾನದ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸುವಾಗಲೂ ಹೀಗೆಯೇ ಆಗುತ್ತದೆ. ನೀರು ತಣ್ಣಗಿದೆ ಎಂದು ಇನ್ನಷ್ಟು ತಿರುಗಿಸುತ್ತೀರಿ. ಕೊಳವೆಯಲ್ಲಿದ್ದ ತಣ್ಣೀರು ಮುಗಿಯುತ್ತಲೇ ಕೈ ಸುಡುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ ಮತ್ತೆ ತಣ್ಣೀರು. ಫಲಿತಾಂಶದ ಒಂದು ಭಾಗವನ್ನು ಹಿಂದಕ್ಕೆ ತಂದು ದೋಷವನ್ನು ತಗ್ಗಿಸಲು ಬಳಸುವುದು ಋಣ ಹಿಮ್ಮಾಹಿತಿ. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ವರ್ಧಕಗಳಿಗೆ ಇದನ್ನು ಅಳವಡಿಸಿದ ಕಥೆ ವಿದ್ಯಾರ್ಥಿಗಳಿಗೆ ಗೊತ್ತು. ಹಿಮ್ಮಾಹಿತಿ ತಡವಾಗಿ ಬಂದು, ತಿದ್ದುಪಡಿ ಮಾತ್ರ ಜೋರಾಗಿದ್ದರೆ ವ್ಯವಸ್ಥೆ ನೆಲೆ ನಿಲ್ಲದೆ ತೂಗಾಡುತ್ತದೆ. ಇದಕ್ಕೆ ಪರಿಹಾರ ಎರಡು: ಫಲಿತಾಂಶ ಬರುವ ತನಕ ಕಾಯುವುದು, ಒಮ್ಮೆಗೆ ಸ್ವಲ್ಪವೇ ತಿದ್ದುವುದು.

ಎಂತಹ ಮಾತು ಉಪಯುಕ್ತ?

ನನ್ನ ಎತ್ತುಗಳನ್ನು ನೋಡಿದ ನೆರೆಯ ಹಿರಿಯರೊಬ್ಬರು "ಭಾಳ ಛಲೋ ಆಗೇತಿ" ಎಂದರು. ಮನಸ್ಸಿಗೆ ಹಿತವಾಯಿತು, ಮುಂದಿನ ಎತ್ತಿಗೆ ಉಪಯೋಗವಾಗಲಿಲ್ಲ. ಇನ್ನೊಬ್ಬರು "ಏನೋ ಸರಿ ಇಲ್ಲ" ಎಂದರು. ಅದರಿಂದಲೂ ಉಪಯೋಗವಾಗಲಿಲ್ಲ. ಮೂರನೆಯ ಎತ್ತನ್ನು ನೋಡಿ ಹುಡುಗಿ ಹೇಳಿದ್ದು ಬೇರೆ ಬಗೆಯದು: "ಬೆನ್ನ ಮ್ಯಾಲಿನ ಬಿಳಿ ಇದರ ಅರ್ಧ ಸಾಕು. ಕೊಂಬಿನ ಬುಡಕ ಸ್ವಲ್ಪ ಕರಿ ಬೇಕು."

ಈ ಮಾತಿನಲ್ಲಿ ದೋಷ ಎಲ್ಲಿದೆ ಎಂಬುದಿದೆ, ಯಾವ ದಿಕ್ಕಿಗೆ ತಿದ್ದಬೇಕೆಂಬುದಿದೆ, ಎಷ್ಟು ಎಂಬುದೂ ಇದೆ. ದಿಕ್ಕು ಮತ್ತು ಪರಿಮಾಣ ಎರಡೂ ಇರುವುದನ್ನು ನಾವು ಸದಿಶ ಎನ್ನುತ್ತೇವಲ್ಲವೆ? ಒಳ್ಳೆಯ ಹಿಮ್ಮಾಹಿತಿ ಸದಿಶದಂತೆ. ಹಚ್ಚಿದವನ ಕಣ್ಣು ಇದನ್ನು ತಾನೇ ಹೇಳಲಾರದು. ಗಂಟೆಗಟ್ಟಲೆ ನೋಡಿ ಅದು ಆ ಬಣ್ಣಕ್ಕೆ ಹೊಂದಿಕೊಂಡಿರುತ್ತದೆ, ಹಚ್ಚಬೇಕೆಂದುಕೊಂಡದ್ದನ್ನೇ ಅಲ್ಲಿ ಕಾಣುತ್ತದೆ. ಅದಕ್ಕೇ ಇನ್ನೊಂದು ಕಣ್ಣು ಬೇಕು.

ಕೆಂಪು ಮಸಿಯ ಲೆಕ್ಕ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯ ಪ್ರಯೋಗದ ದಾಖಲೆ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ 'ಇನ್ನೂ ಸುಧಾರಿಸಬೇಕು' ಎಂದು ಬರೆದು ಹತ್ತಕ್ಕೆ ಐದು ಅಂಕ ಕೊಡುತ್ತಿದ್ದೆ. ವರ್ಷದ ಕೊನೆಗೆ ಅವನು, "ಸರ್, ಏನನ್ನು ಸುಧಾರಿಸಬೇಕು?" ಎಂದು ಕೇಳಿದ. ಪುಟಗಳನ್ನು ತಿರುವಿ ನೋಡಿದೆ. ಸ್ಕ್ರೂಗೇಜಿನ ಶೂನ್ಯ ದೋಷವನ್ನು ಕಳೆಯಬೇಕಾದ ಕಡೆಯೆಲ್ಲ ಅವನು ಕೂಡಿಸಿದ್ದ. ಒಂದೇ ತಪ್ಪು, ವರ್ಷವಿಡೀ. ಒಂದು ಸಾಲಿನಲ್ಲಿ ಹೇಳಬಹುದಾಗಿತ್ತು. ಮುಂದಿನ ವರ್ಷ ಅವನು ಭೌತವಿಜ್ಞಾನ ತೆಗೆದುಕೊಳ್ಳಲಿಲ್ಲ. ಕಾರಣ ಅದೊಂದೇ ಎನ್ನಲಾರೆ. ಆದರೆ ಅದರಲ್ಲಿ ನನ್ನ ಪಾಲಿತ್ತು.

ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಹಿಮ್ಮಾಹಿತಿಯ ಮೇಲಿನ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಲಾಭವೇ ಇತ್ತು; ಆದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಪ್ರಸಂಗಗಳಲ್ಲಿ ಸಾಧನೆ ಕುಸಿದಿತ್ತು. ಗಮನವು ಕೆಲಸದಿಂದ ಜಾರಿ 'ನಾನು ಎಂತಹವನು' ಎಂಬ ಕಡೆಗೆ ತಿರುಗಿದರೆ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಶಿಕ್ಷಕರು ತಿಳಿದಿರಬೇಕು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಆಸಕ್ತಿ ಮತ್ತು ಸಾಧನೆಗೆ ನೆರವಾದದ್ದು ಟಿಪ್ಪಣಿ ಮಾತ್ರ. ಜೊತೆಗೆ ಅಂಕ ಸೇರಿದಾಗ ಟಿಪ್ಪಣಿಯ ಪ್ರಯೋಜನ ಇಲ್ಲವಾಯಿತು.

ಮಾಡಿ ನೋಡಿ

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ನಿಮ್ಮ ತರಗತಿಯಲ್ಲಿ ಇದನ್ನು ಮಾಡಬಹುದು. ಪ್ರತಿ ವಿದ್ಯಾರ್ಥಿಯೂ ನಾಲ್ಕು ಎತ್ತು ಮಾಡಿ ಒಣಗಿಸಿ, ಹೊಟ್ಟೆಯ ಕೆಳಗೆ ಸಂಖ್ಯೆ ಬರೆಯಲಿ. ದಿನಕ್ಕೊಂದಕ್ಕೆ ಬಣ್ಣ ಹಚ್ಚಲಿ. ಬಣ್ಣ ಪೂರ್ತಿ ಒಣಗುವ ತನಕ ಯಾರೂ ಏನನ್ನೂ ಹೇಳಬಾರದು. ಆಮೇಲೆ ಒಂದೂವರೆ ಮೀಟರು ದೂರದಿಂದ ಗೆಳೆಯನೊಬ್ಬ ನೋಡಿ ಒಂದೇ ವಾಕ್ಯ ಬರೆಯಲಿ: ಎಲ್ಲಿ, ಯಾವ ಕಡೆಗೆ, ಎಷ್ಟು. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಪದಗಳಿಗೆ ಅಂದು ರಜೆ. ಮರುದಿನದ ಎತ್ತಿನಲ್ಲಿ ಅದೊಂದನ್ನು ಮಾತ್ರ ತಿದ್ದಬೇಕು. ಕೊನೆಯಲ್ಲಿ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ, ಮೊಬೈಲಿನಲ್ಲಿ ಕಪ್ಪು-ಬಿಳುಪಿನ ಚಿತ್ರ ತೆಗೆಯಿರಿ. ಬಣ್ಣದ ಮೋಹ ಕಳೆದು ತಿಳಿ-ಗಾಢಗಳ ಅಂತರ ಮಾತ್ರ ಕಾಣುವುದರಿಂದ, ಎಷ್ಟು ಸುಧಾರಿಸಿತೆಂದು ಹಚ್ಚಿದವರಿಗೇ ತಿಳಿಯುತ್ತದೆ.

ಅಂಕ ಕೊಡಬೇಡಿ. ನಾಲ್ಕು ಎತ್ತುಗಳ ಆ ಸಾಲೇ ಸಾಕು.