ಅಭಿಮಾನದ ಅರ್ಥಶಾಸ್ತ್ರ

ನವೆಂಬರ್ ತಿಂಗಳ ಸಂಜೆ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಆಸುಪಾಸಿನಲ್ಲಿ ನಡೆದಾಡುವವರ ಗಮನಕ್ಕೆ ಒಂದು ಸಂಗತಿ ಬಾರದೆ ಇರದು. ರಾಜ್ಯೋತ್ಸವದ ವೇದಿಕೆಯ ಮೇಲೆ ಆರ್ಕೆಸ್ಟ್ರಾದ ಗಾಯಕ ನಿಂತಿರುತ್ತಾನೆ. ವಯಸ್ಸು ಹೆಚ್ಚೆಂದರೆ ಮೂವತ್ತು. 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಅವನಿನ್ನೂ ಶಾಲಾ ಬಾಲಕ. ಅವನು ಹಾಡುವುದು 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ನಾಯಕ ಎಮ್ಮೆಯ ಬೆನ್ನೇರಿ ಹಾಡುವ ಹಾಡನ್ನು. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತವರಲ್ಲಿ ಅನೇಕರು ಆ ಚಿತ್ರ ತೆರೆಕಂಡ 1974ರಲ್ಲಿ ಹುಟ್ಟಿಯೇ ಇರಲಿಲ್ಲ. ಆದರೂ ಮುಂದಿನ ಸಾಲು ಯಾವುದೆಂದು ಎಲ್ಲರಿಗೂ ಗೊತ್ತು. ಗಾಯಕ ತುಸು ತಡವರಿಸಿದರೆ ಸಭೆಯೇ ಎತ್ತಿಕೊಡುತ್ತದೆ.

ಅರ್ಥಶಾಸ್ತ್ರ ಓದಿದವರಿಗೆ ಇದು ಸುಲಭದ ಒಗಟಲ್ಲ. ನಾವು ವಿದ್ಯಾರ್ಥಿಗಳಾಗಿದ್ದಾಗ ಕಲಿತ ಪಾಠದ ಪ್ರಕಾರ, ಒಂದೇ ವಸ್ತುವನ್ನು ಮತ್ತೆ ಮತ್ತೆ ಅನುಭೋಗಿಸಿದಷ್ಟೂ ಅದರಿಂದ ದೊರೆಯುವ ತುಷ್ಟಿಗುಣ ಇಳಿಯುತ್ತ ಹೋಗಬೇಕು. ಮೂರನೆಯ ಹೋಳಿಗೆಗಿಂತ ಮೊದಲನೆಯದು ರುಚಿ. ಹಾಡಿನ ವಿಷಯದಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. ನೂರನೆಯ ಸಲ ಕೇಳುವವನೇ ಹೆಚ್ಚು ಸುಖಿ. ಜಾರ್ಜ್ ಸ್ಟಿಗ್ಲರ್ ಮತ್ತು ಗ್ಯಾರಿ ಬೆಕರ್ 1977ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದಕ್ಕೆ ಉತ್ತರ ಹುಡುಕಿದರು. ಸಂಗೀತ ಕೇಳುವವನು ಕೇಳುತ್ತಲೇ ಒಂದು ಬಗೆಯ ಬಂಡವಾಳವನ್ನು ಕೂಡಿಡುತ್ತಾನೆ. ಆ ಬಂಡವಾಳ ಬೆಳೆದಂತೆ ಮುಂದಿನ ಆಲಿಕೆಯ ಆನಂದವೂ ಬೆಳೆಯುತ್ತದೆ ಎಂಬುದು ಅವರ ವಾದ. 1985ರಲ್ಲಿ ಮೋಶೆ ಆಡ್ಲರ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ನಮ್ಮ ಮೆಚ್ಚಿನ ಗಾಯಕನ ಬಗ್ಗೆ ಮಾತನಾಡಲು ಇನ್ನೊಬ್ಬರು ಬೇಕು. ಆದ್ದರಿಂದ ಹತ್ತು ಜನ ಮೆಚ್ಚಿದವನನ್ನೇ ಹನ್ನೊಂದನೆಯವನೂ ಮೆಚ್ಚುವುದು ಅವನಿಗೆ ಲಾಭಕರ. ಪ್ರತಿಭೆಯಲ್ಲಿ ಸರಿಸಮಾನರಾದ ಇಬ್ಬರಲ್ಲಿ ಒಬ್ಬ ಮನೆಮಾತಾಗಿ ಇನ್ನೊಬ್ಬ ಮರೆಯಾಗುವುದು ಹೀಗೆ. ಕೀರ್ತಿಯೆಂಬುದು ಗಾಯಕನ ಗಂಟಲಿನಲ್ಲಿ ಮಾತ್ರ ಇರುವುದಿಲ್ಲ. ಅದರ ದೊಡ್ಡ ಪಾಲು ಕೇಳುಗರ ನಡುವಿನ ಮಾತುಕತೆಯಲ್ಲಿದೆ.

ರಾಜ್‌ಕುಮಾರ್ ಅವರ ಉದಾಹರಣೆಯಲ್ಲಿ ಇದು ಇನ್ನೂ ಸ್ವಾರಸ್ಯಕರ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ, ರಂಗದ ಮೇಲೆ ಹಾಡಿಯೇ ಬೆಳೆದ ನಟ ಅವರು. ಆದರೂ ಚಿತ್ರರಂಗದಲ್ಲಿ ಎರಡು ದಶಕಗಳ ಕಾಲ ಅವರ ತುಟಿಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ಕಂಠವಿತ್ತು. ಕಾಕಿನಾಡದಲ್ಲಿ ಹುಟ್ಟಿದ ಆ ಮೃದುಕಂಠವೇ ರಾಜ್‌ಕುಮಾರರ ಕಂಠವೆಂದು ಕನ್ನಡಿಗರು ನಂಬಿದ್ದರು. ನಲವತ್ತೈದನೆಯ ವಯಸ್ಸಿನಲ್ಲಿ, ಜಿ.ಕೆ. ವೆಂಕಟೇಶರ ಸಂಗೀತ ನಿರ್ದೇಶನದಲ್ಲಿ, ಎಮ್ಮೆಯ ಮೇಲಿನ ಆ ಹಾಡಿನಿಂದ ರಾಜ್‌ಕುಮಾರ್ ತಮ್ಮ ಧ್ವನಿಯನ್ನು ತಾವೇ ವಹಿಸಿಕೊಂಡರು. ಹಳೆಯದಕ್ಕೆ ಒಗ್ಗಿದ ಕಿವಿ ಹೊಸದನ್ನು ಅಷ್ಟು ಬೇಗ ಒಪ್ಪುವುದು ಅಪರೂಪ. ಇಲ್ಲಿ ಒಪ್ಪಿತು, ಹಾಗೆಂದು ಶ್ರೀನಿವಾಸರನ್ನು ಬಿಟ್ಟುಕೊಡಲೂ ಇಲ್ಲ. ಮುಂದೆ 'ಜೀವನ ಚೈತ್ರ' ಚಿತ್ರದ ಗಾಯನಕ್ಕೆ ರಾಜ್‌ಕುಮಾರರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಡಿಯ ಆಚೆಯ ತಾಳವಾಡಿ ಸೀಮೆಯ ಗಾಜನೂರಿನಿಂದ ಬಂದ ಈ ಧ್ವನಿ ಇಂದು ಕಡಲಾಚೆಯ ಕನ್ನಡ ಕೂಟಗಳಲ್ಲಿಯೂ ಕೇಳುತ್ತದೆ. 'ಆಕಸ್ಮಿಕ' ಚಿತ್ರದ ಕನ್ನಡನಾಡಿನ ಹಾಡನ್ನು ಅಲ್ಲಿಯೇ ಹುಟ್ಟಿದ, ಕನ್ನಡ ಓದಲು ಬಾರದ ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತಾರೆ.

ಭಾಷೆ ತಿಳಿಯದವರೂ ಹಾಡಿಗೆ ನಿಷ್ಠರಾಗುವುದನ್ನು ಬೆಂಗಳೂರು ಬೇರೊಂದು ರೀತಿಯಲ್ಲಿಯೂ ಕಂಡಿದೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಭಾರತದಲ್ಲಿ ಮೊತ್ತಮೊದಲ ಬಾರಿಗೆ ಹಾಡಿದ್ದು ನಮ್ಮ ಅರಮನೆ ಮೈದಾನದಲ್ಲಿ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅಲ್ಲಿಗೇ ಬಂತು, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ. ಐರನ್ ಮೇಡನ್ ಬಂದ ಸಂಜೆ ಕಪ್ಪು ಟೀ ಶರ್ಟ್ ತೊಟ್ಟು ಹೊರಟವರಲ್ಲಿ ಬಸವೇಶ್ವರನಗರದ, ವಿಜಯನಗರದ ಮನೆಗಳ ಹುಡುಗರೂ ಇದ್ದರು. ಅವರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿಕೊಂಡು, ಸಾಹಿತ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬೆಳೆದ ಪೀಳಿಗೆ ಅದು. ಸಂಸ್ಕೃತಿ ಹಾಳಾಯಿತೆಂದು ಮನೆಯ ಹಿರಿಯರು ಗೊಣಗಿದರು. ಈಗ ನಲವತ್ತರ ಹತ್ತಿರವಿರುವ ಅದೇ ಹುಡುಗ ರಾಜ್ಯೋತ್ಸವದ ಪೆಂಡಾಲಿನ ಮುಂದೆ ನಿಂತು ರಾಜ್‌ಕುಮಾರ್ ಹಾಡಿಗೆ ದನಿಗೂಡಿಸುತ್ತಾನೆ. ಒಂದು ನಿಷ್ಠೆ ಇನ್ನೊಂದನ್ನು ಅಳಿಸುತ್ತದೆಂಬ ನಮ್ಮ ಭಯಕ್ಕೆ ಆಧಾರ ಸಾಲದು.

ರಾಕ್ ಗಾಯಕರಲ್ಲಿ ನಮಗೆ ಎಲ್ಲರಿಗಿಂತ ಹತ್ತಿರದವರು ಫ್ರೆಡ್ಡಿ ಮರ್ಕ್ಯುರಿ. ಜಾಂಜಿಬಾರಿನ ಪಾರ್ಸಿ ಮನೆತನದಲ್ಲಿ 1946ರಲ್ಲಿ ಹುಟ್ಟಿದ ಫಾರೂಖ್ ಬಲ್ಸಾರಾ ಓದಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಬೆಳಗಾವಿಯಿಂದ ಪುಣೆಗೆ ಹೋಗುವವರು ಹೆದ್ದಾರಿಯಿಂದ ಪಕ್ಕಕ್ಕೆ ಹೊರಳಿದರೆ ಸಿಗುವ ಊರು. ಹಾಡುವ ತಂಡವನ್ನು ಅವರು ಮೊದಲು ಕಟ್ಟಿಕೊಂಡದ್ದು ಅಲ್ಲಿಯೇ. ಮುಂದೆ ಇಂಗ್ಲೆಂಡಿನಲ್ಲಿ 'ಕ್ವೀನ್' ತಂಡದ ಗಾಯಕರಾಗಿ 1975ರಲ್ಲಿ ಟೋಕಿಯೋದಲ್ಲಿ ಇಳಿದಾಗ ವಿಮಾನ ನಿಲ್ದಾಣದಲ್ಲಿ ಜಪಾನಿನ ಅಭಿಮಾನಿಗಳು ಸಾವಿರಗಟ್ಟಲೆ ನೆರೆದಿದ್ದರು. 1985ರ ಜನವರಿಯಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ಪೋರ್ಚುಗೀಸ್ ಮಾತನಾಡುವ ಅಪಾರ ಜನಸ್ತೋಮ ಅವರ ಇಂಗ್ಲಿಷ್ ಹಾಡನ್ನು ತಾನೇ ಹಾಡಿತು. ಗಾಯಕ ಸುಮ್ಮನೆ ನಿಂತು ಕೇಳಿಸಿಕೊಂಡ. ರಾಜಾಜಿನಗರದ ಪೆಂಡಾಲಿನಲ್ಲಿ ಸಭೆ ಸಾಲು ಎತ್ತಿಕೊಡುವುದಕ್ಕೂ ಇದಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ.

ಈ ನಿಷ್ಠೆಗೆ ಬೆಲೆ ಕಟ್ಟುವವರೂ ಇದ್ದಾರೆ. ಕ್ವೀನ್ ತಂಡದ ಹಾಡುಗಳ ಹಕ್ಕನ್ನು ಸೋನಿ ಸಂಸ್ಥೆ ಸುಮಾರು 100 ಕೋಟಿ ಪೌಂಡಿಗೆ ಕೊಳ್ಳುತ್ತಿದೆಯೆಂದು 2024ರಲ್ಲಿ ವರದಿಯಾಯಿತು. ಐವತ್ತು ವರ್ಷ ಕೇಳಿ, ಹಾಡಿ, ಮಕ್ಕಳಿಗೆ ಕಲಿಸಿ ಆ ಹಾಡುಗಳನ್ನು ಜೀವಂತವಾಗಿಟ್ಟ ಅಭಿಮಾನಿಗಳ ದುಡಿಮೆಯೂ ಆ ಮೊತ್ತದಲ್ಲಿ ಸೇರಿದೆ. ಅವರಿಗೆ ಬಂದದ್ದೇನೂ ಇಲ್ಲ. ಅವರು ಕೇಳಿದ್ದೂ ಇಲ್ಲ, ಆ ಮಾತು ಬೇರೆ.

ಅಭಿಮಾನದ ಇನ್ನೊಂದು ಮುಖವನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕವಾಗದು. 1969ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುತ್ತಿರುವಾಗಲೇ ವೇದಿಕೆಯ ಮುಂದೆ ತರುಣನೊಬ್ಬ ಇರಿತಕ್ಕೆ ಬಲಿಯಾದ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರು ಎರಡು ದಿನ ಹೊತ್ತಿ ಉರಿಯಿತು. ಸತ್ತವರಲ್ಲಿ ಕರ್ತವ್ಯನಿರತ ಪೊಲೀಸ್ ಪೇದೆಯೂ ಸೇರಿದ್ದರು. ಅಭಿಮಾನಿಗಳನ್ನು ದೇವರೆಂದು ಕರೆದ ಮನುಷ್ಯನ ಅಂತ್ಯಯಾತ್ರೆ ಅದು. ದುಃಖಕ್ಕೆ ಮಾಡಲು ಯಾವ ಕೆಲಸವೂ ಇಲ್ಲದಾಗ, ದಾರಿ ಬಿಡುವ ವ್ಯವಸ್ಥೆಯೂ ಇಲ್ಲದಾಗ, ಅದು ಕಲ್ಲನ್ನು ಕೈಗೆತ್ತಿಕೊಳ್ಳುತ್ತದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಆಡಳಿತ ಆ ಪಾಠವನ್ನು ಮರೆತಿರಲಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಸಮಯವನ್ನೂ ಸಾಲನ್ನೂ ಧಾರಾಳವಾಗಿ ಕೊಟ್ಟರು. ಲಕ್ಷಾಂತರ ಜನ ಬಂದರೂ ನಗರ ಬಹುಮಟ್ಟಿಗೆ ಶಾಂತವಾಗಿತ್ತು. ಆಡಳಿತದ ಯಶಸ್ಸುಗಳು ಸುದ್ದಿಯಾಗುವುದು ಕಡಿಮೆಯಾದ್ದರಿಂದ ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಸ್ಮಾರಕಗಳ ಕಥೆಯೂ ನೆಮ್ಮದಿಯದಲ್ಲ. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ 'ಡೋರ್ಸ್' ತಂಡದ ಜಿಮ್ ಮಾರಿಸನ್ ಸಮಾಧಿಯ ಮೇಲಿದ್ದ ಶಿಲ್ಪ 1988ರಲ್ಲಿ ಕಳವಾಗಿ, ಪೊಲೀಸರ ಕೈಗೆ ಸಿಕ್ಕಿದ್ದು 2025ರಲ್ಲಿ. ನಮ್ಮಲ್ಲಿ ಕೆಂಗೇರಿಯ ಕಡೆಗಿರುವ ಅಭಿಮಾನ್ ಸ್ಟುಡಿಯೊದಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದ ಜಾಗದ ಸಮಾಧಿ, ವರ್ಷಗಳ ವ್ಯಾಜ್ಯದ ನಂತರ, 2025ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ನೆಲಸಮವಾಯಿತು. ಬೆಳಗಾದಾಗ ಬಂದು ನಿಂತ ಅಭಿಮಾನಿಗಳ ಸಂಕಟ ನಿಜವಾದದ್ದು. ಜಮೀನಿನ ಕಡತ ಬಲ್ಲ ಯಾರೇ ಆದರೂ ಇಂಥದ್ದನ್ನು ನಿರೀಕ್ಷಿಸಬಹುದಿತ್ತು. ಹಕ್ಕು ಇತ್ಯರ್ಥವಾಗದ ನೆಲದ ಮೇಲೆ ಕಟ್ಟಿದ ಭಕ್ತಿ ಎಂದಿಗೂ ಅಪಾಯದಲ್ಲೇ ಇರುತ್ತದೆ. ಫ್ರೆಡ್ಡಿ ಮರ್ಕ್ಯುರಿಗಂತೂ ಜನ ಹೋಗಿ ನಿಲ್ಲಬಹುದಾದ ಸಮಾಧಿಯೇ ಇಲ್ಲ. ಅಸ್ಥಿಯನ್ನು ಎಲ್ಲಿ ಇಡಲಾಯಿತೆಂಬುದು ಗುಟ್ಟಾಗಿಯೇ ಉಳಿದಿದೆ.

ಸಮಾಧಿಯಿಲ್ಲದ ಆ ಗಾಯಕನ ಹೆಸರಿನಲ್ಲಿ ಆದದ್ದು ಬೇರೆಯೇ ಕೆಲಸ. ಏಡ್ಸ್ ಸಂಬಂಧಿತ ಕಾಯಿಲೆಯಿಂದ ಅವರು 1991ರ ನವೆಂಬರ್‌ನಲ್ಲಿ ತೀರಿಕೊಂಡರು. ಆ ರೋಗದ ಹೆಸರೆತ್ತಲು ಜನ ಅಂಜುತ್ತಿದ್ದ ಕಾಲ. ಐದು ತಿಂಗಳ ನಂತರ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಸುಮಾರು 72,000 ಜನರ ಎದುರು ನಡೆದ ಸ್ಮರಣಾರ್ಥ ಗೋಷ್ಠಿಯ ಹಣದಿಂದ ಅವರ ಸಂಗಡಿಗರು 'ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್' ಸ್ಥಾಪಿಸಿದರು. ಅನೇಕ ದೇಶಗಳಲ್ಲಿ ಏಡ್ಸ್ ವಿರುದ್ಧದ ಕೆಲಸಕ್ಕೆ ಅದು ನೆರವು ಕೊಡುತ್ತ ಬಂದಿದೆ. ಅಭಿಮಾನಿಗಳು ಚಂದಾ ಎತ್ತಿ ಅದಕ್ಕೆ ಕಳಿಸುತ್ತಾರೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1994ರಲ್ಲಿ, ನಮ್ಮ ರಾಜಾಜಿನಗರದಲ್ಲಿಯೂ ಅಂಥದ್ದೊಂದು ಕೆಲಸ ಆರಂಭವಾಯಿತು. ಡಾ. ಭುಜಂಗ ಶೆಟ್ಟಿಯವರ ನಾರಾಯಣ ನೇತ್ರಾಲಯದಲ್ಲಿ ರಾಜ್‌ಕುಮಾರರ ಹೆಸರಿನ ನೇತ್ರ ಬ್ಯಾಂಕನ್ನು ರಾಜ್‌ಕುಮಾರರೇ ಉದ್ಘಾಟಿಸಿ ತಮ್ಮ ಕಣ್ಣುಗಳನ್ನು ವಾಗ್ದಾನ ಮಾಡಿದರು. ಹನ್ನೆರಡು ವರ್ಷಗಳ ನಂತರ, ಹೊರಗೆ ನಗರ ಉರಿಯುತ್ತಿದ್ದ ಆ ಏಪ್ರಿಲ್‌ನಲ್ಲಿ, ಆ ಮಾತು ನಡೆಯಿತು. 2021ರಲ್ಲಿ ಮಗನ ಸರದಿ. ಪುನೀತರ ಕಣ್ಣುಗಳ ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪಟಲವನ್ನು, ಮುಂಪದರ ಮತ್ತು ಹಿಂಪದರವಾಗಿ ಬೇರ್ಪಡಿಸಿ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ಬಳಿಕ ರಾಜ್ಯದಲ್ಲಿ ನೇತ್ರದಾನದ ವಾಗ್ದಾನಗಳೂ ದಾನಗಳೂ ಒಮ್ಮೆಲೇ ಏರಿದವು. ಸರ್ಕಾರಿ ಜಾಹೀರಾತುಗಳಿಂದ ಆಗದೆ ಇದ್ದದ್ದು ಇದು.

ಪುನೀತರ ಸಮಾಧಿ ತಂದೆಯ ಸಮಾಧಿಯ ಹತ್ತಿರವೇ, ರಾಜಾಜಿನಗರಕ್ಕೆ ದೂರವಲ್ಲದ ಕಂಠೀರವ ಸ್ಟುಡಿಯೊದಲ್ಲಿದೆ. ಅಲ್ಲಿಗೆ ಹೂವು ಹಿಡಿದು ಹೋಗುವವರನ್ನು ಕಂಡು ಹುಬ್ಬೇರಿಸುವ ಸಜ್ಜನರು ನಮ್ಮ ಬಡಾವಣೆಗಳಲ್ಲಿ ಬಹಳ. ಅವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ವಾಗ್ದಾನದ ಕಾಗದವನ್ನು ಅಂಕಿ ಮಾಡಿ ತೋರಿಸುವ ಉತ್ಸಾಹದ ಬಗ್ಗೆಯೂ ನನಗೆ ಅನುಮಾನವಿದೆ. ಅರ್ಜಿಗಳ ಸಂಖ್ಯೆಯನ್ನು ಸಾಧನೆಯೆಂದು ತಿಳಿಯುವುದು ನಾವು ಅಧಿಕಾರಿಗಳ ಹಳೆಯ ಚಾಳಿ. ವಾಗ್ದಾನ ಮಾಡಿದವನು ಸತ್ತಾಗ ಕೆಲಸ ಅವನ ಕೈಯಲ್ಲಿರುವುದಿಲ್ಲ. ಮನೆಯವರು ದೂರವಾಣಿ ಮಾಡಬೇಕು, ಒಪ್ಪಿಗೆ ಕೊಡಬೇಕು. ಅದೂ ಸಾವು ಸಂಭವಿಸಿ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯುವಂತಾಗಬೇಕು. ಅಳುವಿನ ನಡುವೆ, ಊರಿನಿಂದ ಬರಬೇಕಾದವರ ದಾರಿ ಕಾಯುವುದರ ನಡುವೆ ಆರು ಗಂಟೆ ಕಳೆದುಹೋಗುತ್ತದೆ. ಮುಖ ವಿಕಾರವಾದೀತು, ಮುಂದಿನ ಜನ್ಮದಲ್ಲಿ ಕುರುಡಾದೀತು ಎಂದು ಯಾರೋ ಹಿರಿಯರು ಅಡ್ಡ ಬರುತ್ತಾರೆ. ಚೀಟಿ ಬೀರುವಿನಲ್ಲಿಯೇ ಉಳಿಯುತ್ತದೆ.

ಆದ್ದರಿಂದ ಅಭಿಮಾನಿ ಸಂಘಗಳಿಗೆ ನನ್ನದೊಂದು ಸೂಚನೆ. ರಾಜ್ಯೋತ್ಸವದ ವೇದಿಕೆಯಲ್ಲಿ ಎರಡು ಹಾಡುಗಳ ನಡುವೆ ದಾನಿಗಳ ಹೆಸರು, ಶಾಸಕರ ಆಗಮನ ಎಲ್ಲವನ್ನೂ ಸಾರುತ್ತೀರಿ. ಆ ಬಿಡುವಿನಲ್ಲಿ ಐದು ನಿಮಿಷ ಇದಕ್ಕೂ ಇರಲಿ: ಕನ್ನಡಕ ಹಾಕಿದವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆಯವರು ಕೂಡ ಕಣ್ಣು ಕೊಡಬಹುದು, ತೆಗೆಯಲು ಇಪ್ಪತ್ತು ನಿಮಿಷ ಸಾಕು, ಮುಖ ಕೆಡುವುದಿಲ್ಲ, ಉಸಿರು ನಿಂತೊಡನೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ಆರಿಸಿ, ನೇತ್ರ ಬ್ಯಾಂಕಿಗೆ ಕರೆ ಮಾಡಬೇಕು. ಇದನ್ನು ವಾಗ್ದಾನ ಮಾಡಿದವನಿಗಲ್ಲ, ಪಕ್ಕದಲ್ಲಿ ಕುಳಿತ ಅವನ ಹೆಂಡತಿ ಮಕ್ಕಳಿಗೆ ಹೇಳಬೇಕು. ಆಮೇಲೆ ಎಮ್ಮೆಯ ಹಾಡನ್ನು ಶುರುಮಾಡಬಹುದು.