ಪುಂಡಿ ಬೇರೆ, ಭಂಗಿ ಬೇರೆ: ಬಾಲ್ಕನಿ ತೋಟದವರು ತಿಳಿದಿರಬೇಕಾದ ಎರಡು ಎಲೆಗಳ ಕತೆ

ಮುಂಬಯಿ: ಪುಂಡಿ ಎಂದರೇನು? ಮಹಾನಗರದ ಯಾವುದೇ ಕನ್ನಡ ಸಂಘದ ಸಭಾಗೃಹದಲ್ಲಿ ಈ ಪ್ರಶ್ನೆ ಕೇಳಿದರೆ ಎರಡು ಉತ್ತರ ಬರುತ್ತದೆ. ಉಡುಪಿ, ಮಂಗಳೂರು ಕಡೆಯವರಿಗೆ ಪುಂಡಿ ಎಂದರೆ ಅಕ್ಕಿಯ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ತಿಂಡಿ. ಬಸಳೆಯ ಜೊತೆ ಸೇರಿದರೆ ಅದೇ ಒಂದು ಊಟ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯವರಿಗೆ ಪುಂಡಿ ಎಂದರೆ ಬಾಯಲ್ಲಿ ನೀರೂರಿಸುವ ಹುಳಿ ಸೊಪ್ಪು. ಜೋಳದ ರೊಟ್ಟಿಯ ಪಕ್ಕದಲ್ಲಿ ಪುಂಡಿಪಲ್ಯ ಇಲ್ಲದ ಮಳೆಗಾಲ ಅಲ್ಲಿನವರ ಮನೆಗಳಲ್ಲಿ ಇಲ್ಲ. ಇದೇ ಸೊಪ್ಪನ್ನು ನಮ್ಮ ಮರಾಠಿ ನೆರೆಯವರು ಅಂಬಾಡಿ ಎನ್ನುತ್ತಾರೆ, ತೆಲುಗರು ಗೋಂಗೂರ ಎನ್ನುತ್ತಾರೆ.

ಈ ಸೊಪ್ಪಿಗೆ ಇನ್ನೊಂದು ವಿಶೇಷವಿದೆ. ಗಿಡ ಎತ್ತರಕ್ಕೆ ಬಂದಾಗ ಅದರ ಮೇಲಿನ ಎಲೆಗಳು ಬೆರಳು ಬಿಡಿಸಿದ ಅಂಗೈಯಂತಾಗಿ, ದೂರದಿಂದ ನೋಡಿದವರಿಗೆ ಗಾಂಜಾ ಎಲೆಯ ಹಾಗೆಯೇ ಕಾಣುತ್ತವೆ. ಸಸ್ಯಶಾಸ್ತ್ರಜ್ಞರು ಅದಕ್ಕೆ ಇಟ್ಟ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್. ಅಂದರೆ ಗಾಂಜಾವನ್ನು ಹೋಲುವ ದಾಸವಾಳ. ನಾರಿಗಾಗಿ ಇದನ್ನು ಕೊಳ್ಳುತ್ತಿದ್ದ ಬ್ರಿಟಿಷರ ಬಾಯಲ್ಲಿ ಇದು 'ಡೆಕ್ಕನ್ ಹೆಂಪ್' ಆಗಿತ್ತು, 'ಬಾಂಬೆ ಹೆಂಪ್' ಕೂಡ ಆಗಿತ್ತು. ಬಾಲ್ಕನಿ ಮತ್ತು ಟೆರೇಸ್ ತೋಟಗಳು ಮನೆಮನೆಯ ಹವ್ಯಾಸವಾಗಿರುವ ಇಂದಿನ ದಿನಗಳಲ್ಲಿ ಈ ಎರಡು ಗಿಡಗಳ ವ್ಯತ್ಯಾಸವನ್ನು ನಮ್ಮವರು ಸರಿಯಾಗಿ ತಿಳಿದಿರಬೇಕು. ಒಂದು ಕುಂಡದಲ್ಲಿದ್ದರೆ ಊಟಕ್ಕೆ ಪಲ್ಯ. ಇನ್ನೊಂದು ಕುಂಡದಲ್ಲಿದ್ದರೆ ಜೈಲು.

ಒಂದೇ ಗಿಡವಾದರೂ ಅಪರಾಧ

ಗಾಂಜಾ ಅಥವಾ ಭಂಗಿ ಗಿಡದ ಬಗ್ಗೆ ಯುವಜನರಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ. 'ಮಾರುವುದಕ್ಕಲ್ಲ, ಸ್ವಂತಕ್ಕೆ', 'ಔಷಧಿಗೆ', 'ಕುತೂಹಲಕ್ಕೆ ಒಂದು ಕುಂಡದಲ್ಲಿ' ಎಂಬ ಮಾತುಗಳು ಕೇಳಿಬರುತ್ತವೆ. 1985ರ ನವೆಂಬರ್ 14ರಂದು ಜಾರಿಗೆ ಬಂದ ಮಾದಕ ದ್ರವ್ಯಗಳ ಕಾಯ್ದೆ, ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ ಕಾಯ್ದೆ, ಈ ಯಾವ ಮಾತನ್ನೂ ಒಪ್ಪುವುದಿಲ್ಲ. ಅದರ 8ನೇ ಸೆಕ್ಷನ್ ಗಾಂಜಾ ಗಿಡವನ್ನು ಬೆಳೆಸಬಾರದು ಎನ್ನುತ್ತದೆ. 20ನೇ ಸೆಕ್ಷನ್ ಪ್ರಕಾರ ಬೆಳೆಸಿದವರಿಗೆ 10 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಣಗಿದ ಗಾಂಜಾ ಇಟ್ಟುಕೊಂಡವರಿಗೆ ತೂಕ ನೋಡಿ ಶಿಕ್ಷೆಯಾಗುತ್ತದೆ. 1 ಕಿಲೋಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, 20 ಕಿಲೋಗಿಂತ ಹೆಚ್ಚಾದರೆ ವಾಣಿಜ್ಯ ಪ್ರಮಾಣ ಎಂಬ ಲೆಕ್ಕವಿದೆ. ಅಲ್ಪ ಪ್ರಮಾಣಕ್ಕೆ ಗರಿಷ್ಠ ಒಂದು ವರ್ಷದ ಸೆರೆವಾಸ. ಆದರೆ ಗಿಡ ಬೆಳೆಸಿದ ಅಪರಾಧಕ್ಕೆ ಕಾಯ್ದೆ ಇಂಥ ಮೆಟ್ಟಿಲುಗಳನ್ನು ಇಟ್ಟಿಲ್ಲ. ಹತ್ತು ಎಕರೆಗೂ ಒಂದು ಕುಂಡಕ್ಕೂ ಕಲಮು ಒಂದೇ. ಎಷ್ಟು ಶಿಕ್ಷೆ ಎಂಬುದು ಮಾತ್ರ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಭಾಂಗ್ ಕುಡಿಯುವುದು ಶಿವರಾತ್ರಿ, ಹೋಳಿಯಂದು ರೂಢಿಯಲ್ಲಿದೆಯಲ್ಲ ಎಂದು ಕೇಳುವವರಿದ್ದಾರೆ. ಕಾಯ್ದೆಯು ಗಾಂಜಾ ಎಂದು ಕರೆಯುವುದು ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳನ್ನು. ಆ ತುದಿಗಳ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಭಾಂಗ್ ಆ ಎಲೆಯಿಂದ ಆಗುವುದರಿಂದ ಅದನ್ನು ರಾಜ್ಯಗಳು ತಮ್ಮ ಅಬಕಾರಿ ನಿಯಮಗಳಲ್ಲಿ ನೋಡಿಕೊಳ್ಳುತ್ತವೆ. ಆದರೆ 'ಎಲೆ ಹೊರಗಿದೆ' ಎಂದ ಮಾತ್ರಕ್ಕೆ ಗಿಡ ಹೊರಗಿದೆ ಎಂದಲ್ಲ. ಕಾಯ್ದೆಯಲ್ಲಿ ಗಿಡಕ್ಕೆ ಬೇರೆಯೇ ವ್ಯಾಖ್ಯೆ ಇದೆ. ಆ ಕುಲದ ಯಾವ ಗಿಡವಾದರೂ ಅದರೊಳಗೆ ಬರುತ್ತದೆ. ಹೂ ಬಿಡದ ಗೇಣುದ್ದದ ಸಸಿಯೂ ಗಿಡವೇ.

ಅಂಗಡಿಯ ಬೀಜವನ್ನು ಬಿತ್ತಬೇಡಿ

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಉತ್ತರಾಖಂಡ ರಾಜ್ಯವು 2018ರಲ್ಲಿ ನಾರು ಮತ್ತು ಬೀಜಕ್ಕಾಗಿ ಅಮಲಿನ ಅಂಶ ಅತಿ ಕಡಿಮೆ ಇರುವ ಹೆಂಪ್ ಬೆಳೆಯಲು ಲೈಸೆನ್ಸ್ ಕೊಡತೊಡಗಿತು. 2021ರ ನವೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರವು ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ನಿಯಮ ಮಾಡಿತು. ಹಾಗಾಗಿ ಹೆಂಪ್ ಬೀಜದ ಡಬ್ಬಿ ಇಂದು ಅಂಗಡಿಗಳಲ್ಲಿ ಸಿಗುತ್ತದೆ. ತಿನ್ನಲು ಅಡ್ಡಿಯಿಲ್ಲ. ಆದರೆ ತಿನ್ನುವ ಲೈಸೆನ್ಸ್ ಬಿತ್ತುವ ಲೈಸೆನ್ಸ್ ಅಲ್ಲ. ಸರಕಾರದ ಅನುಮತಿಯಿಲ್ಲದೆ ಮುಂಬಯಿಯ ಬಾಲ್ಕನಿಯಲ್ಲಿ ಅದು ಮೊಳೆತರೆ 20ನೇ ಸೆಕ್ಷನ್ ಎದುರಿಗೆ ನಿಲ್ಲುತ್ತದೆ.

ಮನೆ, ಖೋಲಿ ಬಾಡಿಗೆಗೆ ಕೊಟ್ಟ ನಮ್ಮವರು, ಹೋಟೆಲು ಕಾರ್ಮಿಕರಿಗೆ ವಸತಿ ಕೊಟ್ಟ ಮಾಲಕರು ಇನ್ನೂ ಒಂದು ವಿಷಯ ತಿಳಿಯಬೇಕು. ತನ್ನ ಮನೆ ಅಥವಾ ಜಾಗವನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವರಿಗೆ 25ನೇ ಸೆಕ್ಷನ್ ಅನ್ವಯ ಅದೇ ಅಪರಾಧದ ಶಿಕ್ಷೆಯಿದೆ. ತನ್ನ ಭೂಮಿಯಲ್ಲಿ ಅಕ್ರಮ ಗಾಂಜಾ ಬೆಳೆ ಕಂಡವರು ತಕ್ಷಣ ಪೊಲೀಸರಿಗೆ ತಿಳಿಸಬೇಕೆಂದು 46ನೇ ಸೆಕ್ಷನ್ ಹೇಳುತ್ತದೆ. ಊರಿನಲ್ಲಿ ತೋಟವನ್ನು ಗೇಣಿಗೆ ಕೊಟ್ಟು ಇಲ್ಲಿ ದುಡಿಯುತ್ತಿರುವವರೂ ಇದನ್ನು ಮರೆಯಬಾರದು. ಲೀವ್ ಆಂಡ್ ಲೈಸೆನ್ಸ್ ಕರಾರು ಬರೆದು ಕೈತೊಳೆದುಕೊಳ್ಳದೆ, ಆಗೊಮ್ಮೆ ಈಗೊಮ್ಮೆ ಮನೆಯನ್ನು, ಟೆರೇಸನ್ನು ನೋಡಿ ಬರುವುದು ಒಳ್ಳೆಯದು.

ಮಗನೋ ಮಗಳೋ ಈ ಚಟಕ್ಕೆ ಬಿದ್ದಿದ್ದರೆ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸಿಕ್ಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ಪಾರಾಗುವ ಅವಕಾಶವನ್ನು ಇದೇ ಕಾಯ್ದೆಯ 64ಎ ಸೆಕ್ಷನ್ ಕೊಟ್ಟಿದೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತವಾಗಿದೆ. ಬಾಂದ್ರಾದಲ್ಲಿ 1981ರಲ್ಲಿ ಆರಂಭವಾದ ಕೃಪಾ ಫೌಂಡೇಶನ್, ಪುಣೆಯಲ್ಲಿ 1986ರಲ್ಲಿ ಆರಂಭವಾದ ಮುಕ್ತಾಂಗಣ ಈ ಕೆಲಸದಲ್ಲಿ ಹೆಸರಾದ ಸಂಸ್ಥೆಗಳು.

ಗುರುತಿಸುವುದು ಹೇಗೆ?

ಹೋಲಿಕೆಯಿಂದ ಆಗುವ ಎಡವಟ್ಟು ನಮ್ಮಲ್ಲಿ ಮಾತ್ರವಲ್ಲ. 2014ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹೆಲಿಕಾಪ್ಟರಿನಿಂದ ಮನೆಯೊಂದರ ಹಿತ್ತಿಲು ನೋಡಿದ ಪೊಲೀಸರು ಗಾಂಜಾ ಎಂದುಕೊಂಡು ಬಂದರು. ಅಲ್ಲಿದ್ದದ್ದು ಬೆಂಡೆ ಗಿಡ! ಬೆಂಡೆ, ದಾಸವಾಳ, ಪುಂಡಿ ಮೂರೂ ಒಂದೇ ಕುಟುಂಬದವು.

ಹತ್ತಿರದಿಂದ ನೋಡಿದರೆ ಮೋಸ ಹೋಗುವುದಕ್ಕಿಲ್ಲ. ಗಾಂಜಾದಲ್ಲಿ ಐದೋ ಏಳೋ ಕಿರುಎಲೆಗಳು ಪ್ರತ್ಯೇಕವಾಗಿದ್ದು ತೊಟ್ಟಿನ ತುದಿಯಲ್ಲಿ ಮಾತ್ರ ಕೂಡುತ್ತವೆ. ಪುಂಡಿಯದು ಒಂದೇ ಎಲೆ. ಎಷ್ಟು ಆಳಕ್ಕೆ ಸೀಳಿದ್ದರೂ ಬುಡದಲ್ಲಿ ಕೂಡಿಕೊಂಡಿರುತ್ತದೆ. ಪುಂಡಿಯ ಕೆಳಗಿನ ಎಲೆಗಳು ಸೀಳಿಲ್ಲದೆ ಹೃದಯದ ಆಕಾರದಲ್ಲಿರುತ್ತವೆ, ಗಾಂಜಾದಲ್ಲಿ ಹಾಗಿಲ್ಲ. ಪುಂಡಿಯ ಕಾಂಡಕ್ಕೆ ಸಣ್ಣ ಮುಳ್ಳುಗಳಿರುತ್ತವೆ. ಗಾಂಜಾಕ್ಕೆ ಅಂಟು ಮತ್ತು ಕಟುವಾಸನೆ, ಪುಂಡಿಗೆ ಹುಳಿ. ಹೂ ಬಿಟ್ಟರಂತೂ ಸಂಶಯವೇ ಉಳಿಯದು. ಗಾಂಜಾದ ಹೂವಿಗೆ ದಳವೇ ಇಲ್ಲ, ಹಸಿರು ಗೊಂಚಲು ಅಷ್ಟೆ. ಪುಂಡಿಯದು ಬೆಂಡೆ ಹೂವಿನಂಥ ಅಗಲವಾದ ತಿಳಿಹಳದಿ ಹೂವು, ನಡುವೆ ಕಡುಗೆಂಪು. ಕೆಂಪು ದಂಟಿನ ಇನ್ನೊಂದು ಪುಂಡಿಯೂ ಇದೆ; ಅದರ ಎಲೆಗೆ ಮೂರು ಸೀಳು ಹೆಚ್ಚು, ಹೋಲಿಕೆ ಕಡಿಮೆ. ಸೊಸೈಟಿಯ ಕಾರ್ಯದರ್ಶಿಯ ಕಣ್ಣಿಗೆ ಅಂಜುವವರು ಇದನ್ನೇ ಬೆಳೆಸಬಹುದು.

ಮುಂಬಯಿ ಮಳೆಯಲ್ಲಿ ಪುಂಡಿ

ಊರಿನಲ್ಲಿ ಇದನ್ನು ಜೋಳ, ತೊಗರಿ ಹೊಲದ ಅಂಚಿನಲ್ಲಿ ಸಾಲಾಗಿ ಬಿತ್ತುತ್ತಾರೆ. ಎಳೆಯದಿರುವಾಗ ಸೊಪ್ಪು ತಿಂದು, ಬಲಿತ ಮೇಲೆ ದಂಟನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಇಲ್ಲಿ ನಮಗೆ ಹೊಲವಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಒಂದು ಮೂಲೆ ಸಾಕು.

ಒಂದಡಿ ಆಳದ ಕುಂಡ ಅಥವಾ ಚೀಲ ತೆಗೆದುಕೊಳ್ಳಿ. ತಳದಲ್ಲಿ ನೀರು ಹೋಗುವ ತೂತುಗಳು ಚೆನ್ನಾಗಿರಲಿ. ಮಳೆಗಾಲದ ನಾಲ್ಕು ತಿಂಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನಗರದಲ್ಲಿ ಪುಂಡಿಯ ಮೊದಲ ಶತ್ರು ಬುಡದಲ್ಲಿ ನಿಂತ ನೀರು. ಅದರಿಂದ ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಕಾಂಪೋಸ್ಟ್ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮವಾಗಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಮಣ್ಣು ಸಿದ್ಧ. ಹಿಂದಿನ ಹಂಗಾಮಿನಲ್ಲಿ ಬೆಂಡೆ ಬೆಳೆದ ಮಣ್ಣು ಬೇಡ. ಒಂದೇ ಕುಟುಂಬದ ಗಿಡಗಳಾದ್ದರಿಂದ ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

ಜೂನ್ ಮೊದಲ ಮಳೆಗೆ ಬೀಜವನ್ನು ಅರ್ಧ ಇಂಚು ಆಳಕ್ಕೆ ಬಿತ್ತಿ. ವಾರದೊಳಗೆ ಮೊಳಕೆ ಬರುತ್ತದೆ. ಗೇಣಿಗೊಂದು ಸಸಿ ಉಳಿಸಿ, ಉಳಿದವನ್ನು ಕಿತ್ತು ಸಾರಿಗೆ ಹಾಕಿ. ಗಿಡ ಒಂದಡಿ ಬೆಳೆದಾಗ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆದು ಸೊಪ್ಪು ಹೆಚ್ಚುತ್ತದೆ. ಬಿತ್ತಿದ ಐದಾರು ವಾರಕ್ಕೆ ಮೊದಲ ಕೊಯ್ಲು. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಯುತ್ತಾ ಹೋಗಬಹುದು. ಹಗಲು ಚಿಕ್ಕದಾಗತೊಡಗಿದಂತೆ, ದೀಪಾವಳಿಯ ಹೊತ್ತಿಗೆ, ಗಿಡ ಹೂವಿಗೆ ಬಂದು ಎಲೆ ಒರಟಾಗುತ್ತದೆ. ಆಗ ಎರಡು ಗಿಡವನ್ನು ಬೀಜಕ್ಕೆ ಬಿಡಿ. ಒಣಕಾಯಿಯ ಮೇಲಿನ ಸುಂಕು ಚರ್ಮಕ್ಕೆ ತುರಿಕೆ ತರುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಬಿಡಿಸಿ.

ಬಿಳಿ ಹಿಟ್ಟು ತಿಗಣೆ ಅಥವಾ ಹೇನು ಕಂಡರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗ್ಯೂ, ಮಲೇರಿಯಾ ಸೊಳ್ಳೆಗೆ ಅದೇ ತವರು, ಮಹಾನಗರಪಾಲಿಕೆಯವರು ನೋಟೀಸು ಕೊಡುವುದೂ ಅದಕ್ಕೇ. ಗ್ರಿಲ್ಲಿನ ಹೊರಗೆ ಕುಂಡ ತೂಗುಹಾಕುವುದಂತೂ ಕೆಳಗೆ ನಡೆಯುವವರ ಪ್ರಾಣಕ್ಕೆ ಸಂಚಕಾರ.

ಪಲ್ಯ ಮಾಡುವ ಕ್ರಮವೂ ಸರಳ. ಸೊಪ್ಪು ಬೇಯಿಸಿ ಹುಳಿನೀರು ಬಸಿದು, ಬೆಂದ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸು ಸೇರಿಸಿ ಕುದಿಸಿ, ಮೇಲೆ ಧಾರಾಳ ಬೆಳ್ಳುಳ್ಳಿಯ ಒಗ್ಗರಣೆ. ನುಚ್ಚು ಸಿಗದವರು ಅಕ್ಕಿ ತರಿ ಹಾಕಬಹುದು. ಹುಳಿಯಿರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ. ಆಕ್ಸಾಲಿಕ್ ಆಮ್ಲ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿ ತಿನ್ನುವುದು ಲೇಸು.

ಸಂಘಗಳು ಮನಸ್ಸು ಮಾಡಲಿ

ಆಷಾಢದಲ್ಲಿ ಮಹಾನಗರದ ತುಳು ಕನ್ನಡಿಗರ ಸಂಘ ಸಂಸ್ಥೆಗಳ ಮಹಿಳಾ ವಿಭಾಗಗಳು ಆಟಿಡೊಂಜಿ ದಿನ ಆಚರಿಸಿ ಪತ್ರೊಡೆ, ಹಲಸಿನ ತಿನಿಸುಗಳನ್ನು ಬಡಿಸುತ್ತವೆ. ಪುಂಡಿ ಸೊಪ್ಪು ಹುಲುಸಾಗಿರುವುದೂ ಅದೇ ದಿನಗಳಲ್ಲಿ. ಕಟ್ಟಡ, ರಸ್ತೆ ಕೆಲಸಗಳಿಗೆಂದು ಕಲ್ಯಾಣ ಕರ್ನಾಟಕದಿಂದ ಬಂದ ಸಾವಿರಾರು ಕನ್ನಡಿಗರು ಇದೇ ನಗರದಲ್ಲಿದ್ದರೂ ನಮ್ಮ ಸಮಾರಂಭಗಳ ಪಂಕ್ತಿಯಲ್ಲಿ ಅವರು ಕಾಣಿಸುವುದು ಅಪರೂಪ. ಕರಾವಳಿಯ ಪುಂಡಿಯ ಪಕ್ಕದಲ್ಲಿ ಕಲಬುರಗಿಯ ಪುಂಡಿಯೂ ಒಂದೇ ಎಲೆಯ ಮೇಲೆ ಬಂದರೆ ಹೇಗೆ? ಊರಿಗೆ ಹೋದವರು ಹಿಡಿ ಬೀಜ ತಂದು ಸಂಘದಲ್ಲಿ ಹಂಚಬಹುದು, ಅದೇ ವೇದಿಕೆಯಲ್ಲಿ ವಕೀಲರೊಬ್ಬರನ್ನು ಕರೆಸಿ ಯುವ ವಿಭಾಗದವರಿಗೆ ಎನ್‌ಡಿಪಿಎಸ್ ಕಾಯ್ದೆಯ ಬಗ್ಗೆ ಅರ್ಧ ಗಂಟೆ ಹೇಳಿಸಬಹುದು. ಕೈಯಲ್ಲಿ ಎರಡು ಎಲೆಗಳ ಚಿತ್ರ ಹಿಡಿದು ತಿಳಿಹೇಳಿದ ಮಾತು ಮಕ್ಕಳಿಗೆ ಬೇಗ ನಾಟುತ್ತದೆ. ಬಿತ್ತನೆಗೆ ಜೂನ್ ತಿಂಗಳು. ಅದಕ್ಕೆ ಮುಂಚೆಯೇ ಸಂಘಗಳ ಪದಾಧಿಕಾರಿಗಳು ಈ ಬಗ್ಗೆ ಯೋಚಿಸಲಿ.